ಮೋಡಲ್, ಅಡ್ವರ್ಬ್, ಪ್ರಿಪೊಸಿಷನ್: ಮೂರನ್ನೂ ಒಂದೇ ವಾಕ್ಯದಲ್ಲಿ ಕಲಿಸುವ ಬಳ್ಳಾರಿಯ ಸಂಜೆ ತರಗತಿ

ಬಳ್ಳಾರಿಯ ಗಾಂಧಿನಗರದಲ್ಲಿ ನಿವೃತ್ತ ಹೈಸ್ಕೂಲ್ ಶಿಕ್ಷಕಿಯೊಬ್ಬರು ತಮ್ಮ ಮನೆಯ ಮಹಡಿಯ ಮೇಲೆ ನಡೆಸುವ ಇಂಗ್ಲಿಷ್ ತರಗತಿಗೆ ಆರಂಭದಿಂದ ಕೊನೆಯವರೆಗೂ ಹಾಜರಾದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಜೊತೆ ಕುಳಿತವರಲ್ಲಿ ಜೀನ್ಸ್ ಹೊಲಿಗೆ ಘಟಕಗಳ ಲೆಕ್ಕ ಬರೆಯುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಮತ್ತು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದವರು ಇದ್ದರು. ಇವರೆಲ್ಲರಿಗೂ ಪದಗಳು ಗೊತ್ತಿದ್ದವು. ಆ ಪದಗಳನ್ನು ವಾಕ್ಯದಲ್ಲಿ ಎಲ್ಲಿ ಇಡಬೇಕು ಎಂಬುದೇ ತೊಡಕಾಗಿತ್ತು.

ಶಾಲೆಯಲ್ಲಿ ನಾವು ಕ್ಯಾನ್, ಮೇ, ಶುಡ್, ಮಸ್ಟ್‌ನಂತಹ ಮೋಡಲ್‌ಗಳನ್ನು, ಅಂದರೆ ಸಾಧ್ಯತೆ, ಅಗತ್ಯ ಮುಂತಾದವನ್ನು ಸೂಚಿಸುವ ಸಹಾಯಕ ಕ್ರಿಯಾಪದಗಳನ್ನು, ಒಂದು ಪಾಠದಲ್ಲಿ, ಅಡ್ವರ್ಬ್‌ಗಳನ್ನು (ಕ್ರಿಯಾವಿಶೇಷಣಗಳನ್ನು) ಇನ್ನೊಂದರಲ್ಲಿ, ಬೈ, ಅಂಟಿಲ್‌ನಂತೆ ನಾಮಪದದ ಮುಂಚೆ ಬಂದು ಸಂಬಂಧ ತೋರಿಸುವ ಪ್ರಿಪೊಸಿಷನ್‌ಗಳನ್ನು ಮತ್ತೊಂದರಲ್ಲಿ ಕಲಿತವರು. ಮೇಡಂ ಈ ಮೂರನ್ನೂ ಬಿಡಿಬಿಡಿಯಾಗಿ ಕಲಿಸುವುದಿಲ್ಲ. ಮೊದಲ ವಾರವೇ ಅವರು ಹಲಗೆಯ ಮೇಲೆ ‘ದ ಲಾರಿ ವಿಲ್ ರೀಚ್ ಬೈ ಮಂಡೇ’ ಎಂದು ಬರೆದು, ‘ಪ್ರಾಬಬ್ಲಿ’ ಎಂಬ ಪದವನ್ನು ಇದರೊಳಗೆ ಎಲ್ಲಿ ಸೇರಿಸುತ್ತೀರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ಹೆಚ್ಚಿನವರು ‘ರೀಚ್’ ಆದ ಮೇಲೆ ಇಟ್ಟರು. ಕನ್ನಡದಲ್ಲಿ ‘ಬಹುದು’, ‘ಬೇಕು’ ಎಂಬವು ಕ್ರಿಯಾಪದಕ್ಕೇ ಅಂಟಿಕೊಂಡು ‘ತಲುಪಬಹುದು’, ‘ತಲುಪಬೇಕು’ ಎಂದಾಗುವುದರಿಂದ ನಡುವೆ ಇನ್ನೊಂದು ಪದಕ್ಕೆ ಜಾಗವೇ ಇರುವುದಿಲ್ಲ. ಇಂಗ್ಲಿಷಿನಲ್ಲಿ ಮೋಡಲ್ ಬೇರೆಯಾಗಿ ನಿಲ್ಲುತ್ತದೆ, ಪ್ರಾಬಬ್ಲಿ, ಆಲ್ವೇಸ್, ಸರ್ಟನ್ಲಿಯಂತಹ ಅಡ್ವರ್ಬ್‌ಗಳು ಸಾಮಾನ್ಯವಾಗಿ ಅದರ ಬೆನ್ನಿಗೇ, ಮುಖ್ಯ ಕ್ರಿಯಾಪದಕ್ಕಿಂತ ಮೊದಲು ಬರುತ್ತವೆ ಎಂದು ಅವರು ವಿವರಿಸಿದಾಗ ತಪ್ಪಿನ ಮೂಲ ಎಲ್ಲಿದೆ ಎಂಬುದು ನಮಗೆ ಸ್ಪಷ್ಟವಾಯಿತು. ಆದ್ದರಿಂದ ‘ವಿಲ್ ಪ್ರಾಬಬ್ಲಿ ರೀಚ್’ ಸರಿ. ಆದರೆ ಅದೇ ವಾಕ್ಯ ನಿಷೇಧವಾದರೆ ಅಡ್ವರ್ಬ್ ಮೋಡಲ್‌ಗಿಂತ ಮೊದಲಿಗೆ ಸರಿದು ‘ಪ್ರಾಬಬ್ಲಿ ವೋಂಟ್ ರೀಚ್’ ಆಗುತ್ತದೆ. ಈ ಎರಡನೆಯ ಮಾತನ್ನು ನನಗೆ ಈವರೆಗೆ ಯಾವ ಶಿಕ್ಷಕರೂ ಹೇಳಿಕೊಟ್ಟಿರಲಿಲ್ಲ.

ಸ್ಥಾನ ಬದಲಾದರೆ ಅರ್ಥವೂ ಬದಲಾಗುವ ಉದಾಹರಣೆಗಳಿಗೆ ಒಂದು ಇಡೀ ಸಂಜೆಯನ್ನು ಮೀಸಲಿಟ್ಟಿದ್ದರು. ನನ್ನ ಮಟ್ಟಿಗೆ ಇಡೀ ತರಗತಿಯ ಶ್ರೇಷ್ಠ ಪಾಠ ಅದೇ. ‘ಐ ರಿಯಲಿ ಕಾಂಟ್ ಸೇ’ ಎಂದರೆ ಖಂಡಿತವಾಗಿ ಹೇಳಲಾರೆ ಎಂಬ ಗಟ್ಟಿ ನಿರಾಕರಣೆ. ‘ಐ ಕಾಂಟ್ ರಿಯಲಿ ಸೇ’ ಎಂದರೆ ಅಷ್ಟು ಸರಿಯಾಗಿ ಹೇಳಲು ಆಗದು ಎಂಬ ಮೆತ್ತನೆಯ ಮಾತು. ಗಿರಾಕಿಗೆ ಪತ್ರ ಬರೆಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ‘ಹಾರ್ಡ್ಲಿ’ಯಲ್ಲೇ ನಿಷೇಧ ಅಡಗಿರುವುದರಿಂದ ‘ಕ್ಯಾನ್ ಹಾರ್ಡ್ಲಿ’ ಎಂದರೆ ಸಾಕು, ‘ಕಾಂಟ್ ಹಾರ್ಡ್ಲಿ’ ಎನ್ನಬಾರದು ಎಂಬುದನ್ನೂ, ‘ಮೇ ವೆಲ್’ ಎಂಬಲ್ಲಿ ಸಾಧ್ಯತೆ ಬಲಗೊಳ್ಳುತ್ತದೆ, ‘ಮೈಟ್ ಆ್ಯಸ್ ವೆಲ್’ ಎಂಬಲ್ಲಿ ಬೇರೆ ಒಳ್ಳೆಯ ದಾರಿಯಿಲ್ಲದ್ದರಿಂದ ಇದನ್ನೇ ಮಾಡೋಣ ಎಂಬ ಭಾವ ಬರುತ್ತದೆ ಎಂಬುದನ್ನೂ ಅಂದೇ ತಿಳಿಸಿದರು.

ಪ್ರಿಪೊಸಿಷನ್ ವಿಷಯದಲ್ಲಿ ‘ಬೈ’ ಮತ್ತು ‘ಅಂಟಿಲ್’ ಪಾಠ ಅಚ್ಚುಕಟ್ಟಾಗಿತ್ತು. ‘ಸೋಮವಾರದೊಳಗೆ’ ಮತ್ತು ‘ಸೋಮವಾರದ ತನಕ’ ಎಂಬ ಭೇದ ಕನ್ನಡದಲ್ಲಿ ನಮಗೆ ಸಹಜವಾಗಿ ಗೊತ್ತಿದ್ದರೂ ಇಂಗ್ಲಿಷಿಗೆ ಬಂದ ಕೂಡಲೇ ಎರಡಕ್ಕೂ ‘ಟಿಲ್’ ಎಂದುಬಿಡುತ್ತೇವೆ. ಮಾಲು ಕಳುಹಿಸಲು ಕೊನೆಯ ಗಡುವು ಹೇಳುವಾಗ ‘ಮಸ್ಟ್ ಬಿ ಸೆಂಟ್ ಬೈ ಮಂಡೇ’, ಮಾಲು ಗೋದಾಮಿನಲ್ಲಿ ಇರುವ ಅವಧಿ ಹೇಳುವಾಗ ‘ಕ್ಯಾನ್ ಬಿ ಕೆಪ್ಟ್ ಅಂಟಿಲ್ ಮಂಡೇ’ ಎಂದು ಜೀನ್ಸ್ ವ್ಯಾಪಾರದಿಂದಲೇ ಉದಾಹರಣೆ ಕೊಟ್ಟಿದ್ದು ಎಲ್ಲರಿಗೂ ನಾಟಿತು.

ಕೊರತೆಗಳೂ ಇವೆ. ‘ಯುವರ್ ಕಂಪ್ಲೇಂಟ್ ವಿಲ್ ಡೆಫಿನೆಟ್ಲಿ ಬಿ ಲುಕ್ಡ್ ಇನ್‌ಟು’ (ನಿಮ್ಮ ದೂರನ್ನು ಖಂಡಿತ ಪರಿಶೀಲಿಸಲಾಗುವುದು) ಎಂಬಂತಹ ವಾಕ್ಯದಲ್ಲಿ ಮೋಡಲ್, ಅಡ್ವರ್ಬ್, ಪ್ರಿಪೊಸಿಷನ್ ಮೂರೂ ಒಟ್ಟಿಗೆ ಬರುತ್ತವೆ, ಮತ್ತು ಕೊನೆಯ ‘ಇನ್‌ಟು’ವನ್ನು ಬಿಟ್ಟುಬಿಡುವುದು ನಮ್ಮಲ್ಲಿ ತೀರಾ ಸಾಮಾನ್ಯ. ಕಚೇರಿಯ ಪತ್ರವ್ಯವಹಾರಕ್ಕೆ ಇದಕ್ಕಿಂತ ಅಗತ್ಯವಾದ ಪಾಠ ಇನ್ನೊಂದಿಲ್ಲ. ಅದನ್ನು ಕೊನೆಯ ವಾರದಲ್ಲಿ ಅವಸರದಿಂದ ಮುಗಿಸಿದ್ದು ನನಗೆ ಬೇಸರ ತಂದಿತು. ‘ಮಸ್ಟ್ ಹ್ಯಾವ್ ಆಲ್ರೆಡಿ ಲೆಫ್ಟ್’ ಮಾದರಿಯ, ಹಿಂದೆ ನಡೆದದ್ದನ್ನು ಊಹಿಸುವ ವಾಕ್ಯಗಳಿಗೂ ಇನ್ನಷ್ಟು ಅಭ್ಯಾಸ ಬೇಕಿತ್ತು. ಕೊಡುವ ಜೆರಾಕ್ಸ್ ಹಾಳೆಗಳಲ್ಲಿ ನಿಯಮಗಳಿವೆಯೇ ಹೊರತು ಮನೆಯಲ್ಲಿ ಬರೆದು ತಿದ್ದಿಕೊಳ್ಳಲು ಪ್ರಶ್ನೆಗಳು ಬಹಳ ಕಡಿಮೆ.

ಇಂಗ್ಲಿಷ್ ಅಕ್ಷರ, ಸರಳ ವಾಕ್ಯ ಬಾರದವರಿಗೆ ಈ ತರಗತಿ ಕಷ್ಟವಾಗುತ್ತದೆ. ಓದಲು ಬಂದರೂ ಬರೆಯುವಾಗ ತಡವರಿಸುವ ಉದ್ಯೋಗಸ್ಥರು ಮತ್ತು ವಾಕ್ಯದೋಷ ಗುರುತಿಸುವ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಳ್ಳುವ ಪರೀಕ್ಷಾರ್ಥಿಗಳು ಇಲ್ಲಿಗೆ ಖಂಡಿತ ಸೇರಬೇಕೆಂದು ನಾನು ಹೇಳುತ್ತೇನೆ. ಹಣ ಕಟ್ಟುವ ಮೊದಲು ಒಂದು ಸಂಜೆ ಬಂದು ಕುಳಿತು ಕೇಳಲು ಮೇಡಂ ಅವಕಾಶ ಕೊಡುತ್ತಾರೆ. ಅಂದು ನಿಮ್ಮದೇ ಕಚೇರಿಯ ಒಂದು ಇಂಗ್ಲಿಷ್ ಪತ್ರವನ್ನು ಜೊತೆಗೆ ಒಯ್ದರೆ ಅದನ್ನೇ ಹಲಗೆಯ ಮೇಲೆ ತಿದ್ದಿ ತೋರಿಸುತ್ತಾರೆ.