ಸೆಕೆಂಡ್ ಹ್ಯಾಂಡ್ ಕಾರ್ಬನ್ ಎಂಟಿಬಿ ಕೊಳ್ಳುವವರೇ, ಮೊದಲು ಹಿಂದಿನ ಶಾಕ್‌ನ ಗಾಳಿ ತೆಗೆಸಿ ನೋಡಿ

ದುಬಾರಿ ಕಾರ್ಬನ್ ಫುಲ್ ಸಸ್ಪೆನ್ಷನ್ ಎಂಟಿಬಿ (ಹಿಂದೆ, ಮುಂದೆ ಎರಡೂ ಕಡೆ ಶಾಕ್ ಇರುವ ಮೌಂಟನ್ ಬೈಕ್) ಸ್ವಲ್ಪ ಓಡಿದ್ದು ಸಿಕ್ಕರೆ ಸಾಕು ಅಂತ ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ. ಗೀರು, ಗೇರು, ಬ್ರೇಕು, ಟಯರು ಎಲ್ಲರೂ ನೋಡುತ್ತಾರೆ. ಹಿಂದಿನ ಶಾಕ್‌ನ ಸ್ಟ್ರೋಕ್, ಅಂದರೆ ಒತ್ತಿದಾಗ ಅದು ಎಷ್ಟು ಒಳಗೆ ಹೋಗುತ್ತದೆ ಅಂತ ಅಳೆದು ನೋಡುವವರು ತೀರಾ ಕಡಿಮೆ. ನನ್ನ ಫ್ರೇಮ್ ಹಾಳಾಗಿದ್ದು ಅಲ್ಲಿಯೇ. ಬರೀ 5 ಮಿಲಿಮೀಟರ್ ವ್ಯತ್ಯಾಸದಿಂದ.

ನಾನು ಕೊಂಡಿದ್ದು ಟ್ರೇಲ್ ಸೈಕಲ್. ಹಿಂದೆ 135 ಮಿ.ಮೀ., ಮುಂದೆ 150 ಮಿ.ಮೀ. ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ). 29 ಇಂಚಿನ ಚಕ್ರ. ಫ್ರೇಮ್ ಪೂರ್ತಿ ಕಾರ್ಬನ್. (ಕೆಲವು ಮಾಡೆಲ್‌ಗಳಲ್ಲಿ ಮುಂದಿನ ತ್ರಿಕೋನ ಮಾತ್ರ ಕಾರ್ಬನ್, ಹಿಂಭಾಗ ಅಲ್ಯೂಮಿನಿಯಂ. ಎರಡನ್ನೂ ಕಾರ್ಬನ್ ಅಂತಲೇ ಮಾರುತ್ತಾರೆ, ಕೇಳಿ ತಿಳಿದುಕೊಳ್ಳಿ.) ಮಾರಿದವರು ಹಳೆಯ ಸೈಕಲ್‌ಗಳನ್ನು ಕೊಂಡು, ರೆಡಿ ಮಾಡಿ ಮಾರುವ ವ್ಯಾಪಾರಿ. ಹೆಸರು ಬೇಡ. "ಒಬ್ಬರೇ ಓನರ್, ಒಂದು ಸಲವೂ ಬಿದ್ದಿಲ್ಲ, ಫ್ರೇಮ್‌ಗೆ ಪೂರ್ತಿ ಪ್ರೊಟೆಕ್ಷನ್ ಫಿಲ್ಮ್ ಇದೆ, ಶಾಕ್ ಕೂಡ ಅಪ್‌ಗ್ರೇಡ್ ಮಾಡಿದ್ದೇವೆ" ಅಂದರು. ಎಷ್ಟು ಹೊತ್ತು ಬೇಕಾದರೂ ಓಡಿಸಿ ನೋಡಿ ಸರ್ ಅಂತ ಸೈಕಲ್ ಕೈಗೆ ಕೊಟ್ಟರು. ಓಡಿಸಿದೆ. ಬೆಣ್ಣೆಯ ಹಾಗೆ ಓಡಿತು.

ಟೆಸ್ಟ್ ರೈಡ್‌ನಲ್ಲಿ ಈ ದೋಷ ಗೊತ್ತಾಗುವುದೇ ಇಲ್ಲ. ಏರ್ ಶಾಕ್ ಒತ್ತಿದಷ್ಟೂ ಬಿಗಿಯಾಗುತ್ತಾ ಹೋಗುತ್ತದೆ. ರಸ್ತೆಯಲ್ಲಿ, ಸಣ್ಣ ಏರಿಳಿತದಲ್ಲಿ, ಎರಡು ಮೆಟ್ಟಿಲು ಇಳಿಸಿದರೂ ಟ್ರಾವೆಲ್‌ನ ಕೊನೆಯ ಭಾಗ ಬಳಕೆಗೇ ಬರುವುದಿಲ್ಲ. ಅದು ಬರುವುದು ದೊಡ್ಡ ಡ್ರಾಪ್ ಹಾರಿ ನೆಲಕ್ಕೆ ಬಿದ್ದಾಗ, ಇಲ್ಲವೇ ಜೋರು ಇಳಿಜಾರಿನಿಂದ ತಗ್ಗಿಗೆ ನುಗ್ಗಿದಾಗ. ಅಂಥ ಜಾಗದಲ್ಲಿ ಯಾರೂ ಟೆಸ್ಟ್ ರೈಡ್ ಕೊಡುವುದಿಲ್ಲ, ನೀವು ಕೇಳುವುದೂ ಇಲ್ಲ.

ಕೆಲವು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಏರು ಹತ್ತುವಾಗ, ಅದೂ ಸೀಟಿನ ಮೇಲೆ ಕೂತು ತುಳಿಯುವಾಗ, ಕಿರ್ ಕಿರ್ ಸದ್ದು. ಎದ್ದು ನಿಂತು ತುಳಿದರೆ ಸದ್ದಿಲ್ಲ. ಕಾರ್ಬನ್ ಫ್ರೇಮ್‌ನಲ್ಲಿ ಸದ್ದಿನ ಮೂಲ ಹುಡುಕುವುದು ತಲೆನೋವಿನ ಕೆಲಸ. ಟೊಳ್ಳು ಟ್ಯೂಬ್‌ಗಳಲ್ಲಿ ಸದ್ದು ಹರಡಿ, ಒಂದು ಕಡೆ ಹುಟ್ಟಿದ್ದು ಇನ್ನೊಂದು ಕಡೆ ಕೇಳಿಸುತ್ತದೆ. ಡ್ರಾಪರ್ ಪೋಸ್ಟ್ (ಸೀಟನ್ನು ಏರಿಸಿ ಇಳಿಸುವ ಕಂಬ) ತೆಗೆದು ಒರೆಸಿ ಕಾರ್ಬನ್ ಪೇಸ್ಟ್ ಹಚ್ಚಿ ಹಾಕಿದ್ದಾಯಿತು. ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚಿನ ಬೇರಿಂಗ್) ಬಿಚ್ಚಿ ನೋಡಿದ್ದಾಯಿತು. ಪಿವಟ್ (ಫ್ರೇಮ್‌ನ ಹಿಂಭಾಗ ಆಡುವ ಕೀಲು) ಬೋಲ್ಟ್‌ಗಳನ್ನೆಲ್ಲ ಟಾರ್ಕ್ ರೆಂಚ್ ಇಟ್ಟು ಬಿಗಿ ಮಾಡಿದ್ದಾಯಿತು. ಸದ್ದು ಮಾತ್ರ ಹಾಗೇ ಇತ್ತು.

ಕೊನೆಗೆ ಸಸ್ಪೆನ್ಷನ್ ಕೆಲಸ ಮಾತ್ರ ಮಾಡುವ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸದ್ದಿನ ತಂಟೆಗೇ ಹೋಗಲಿಲ್ಲ. ಶಾಕ್‌ನ ಗಾಳಿ ನಿಧಾನವಾಗಿ ಬಿಟ್ಟರು. ಸೀಟಿನ ಮೇಲೆ ಭಾರ ಹಾಕಿ ಒತ್ತಿದರು. ಹಿಂದಿನ ಟಯರ್ ಮೇಲೆ ಬಂದು ಸೀಟ್ ಟ್ಯೂಬ್‌ಗೆ (ಸೀಟಿನ ಕೆಳಗಿನ ಫ್ರೇಮ್ ಕೊಳವೆಗೆ) ಟಪ್ ಅಂತ ತಾಗಿತು.

ತಾಗಿದ ಜಾಗದ ಫಿಲ್ಮ್ ಬಿಡಿಸಿ ನೋಡಿದರು. ಒಳಗೆ ಪೇಂಟ್ ಸವೆದು ಕಾರ್ಬನ್‌ನ ಕಪ್ಪು ಎಳೆ ಕಾಣುತ್ತಿತ್ತು. ಅದರ ಮಧ್ಯೆ ಅಡ್ಡಕ್ಕೆ ಒಂದು ಬಿರುಕು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು. ಇನ್ನೂ ಒಂದು ವಿಷಯ ತೋರಿಸಿದರು. ಫ್ರೇಮ್‌ನ ಉಳಿದ ಕಡೆ ಫಿಲ್ಮ್ ಸ್ವಲ್ಪ ಹಳದಿ ತಿರುಗಿತ್ತು. ಆ ಒಂದು ತುಂಡು ಮಾತ್ರ ಹೊಸದು, ಹೊಳೆಯುತ್ತಿತ್ತು. ಅಂದರೆ ಸವೆದ ಪೇಂಟ್ ಯಾರ ಕಣ್ಣಿಗೋ ಬಿದ್ದ ಮೇಲೆಯೇ ಅಲ್ಲಿ ಹೊಸ ಫಿಲ್ಮ್ ಅಂಟಿಸಿದ್ದಾರೆ.

ಆಗಿದ್ದು ಇಷ್ಟು. ಈ ಫ್ರೇಮ್‌ಗೆ ಕಂಪನಿ ಹೇಳಿರುವ ಶಾಕ್ 210×50. ಮೊದಲ ಸಂಖ್ಯೆ ಒಂದು ತುದಿಯ ಬೋಲ್ಟ್ ಕಣ್ಣಿನಿಂದ ಇನ್ನೊಂದು ತುದಿಯ ಕಣ್ಣಿಗೆ ಶಾಕ್‌ನ ಒಟ್ಟು ಉದ್ದ, ಎರಡನೆಯದು ಅದು ಎಷ್ಟು ಒಳಗೆ ಹೋಗುತ್ತದೆ ಅನ್ನುವುದು, ಅದೇ ಸ್ಟ್ರೋಕ್. ನನ್ನದಕ್ಕೆ ಹಾಕಿದ್ದು 210×55. ಉದ್ದ ಒಂದೇ ಆದ್ದರಿಂದ ಬೋಲ್ಟ್ ಸರಿಯಾಗಿ ಕೂರುತ್ತದೆ, ಸೈಕಲ್ ನಿಂತಾಗ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಶಾಕ್ 1 ಮಿ.ಮೀ. ಒತ್ತಿದರೆ ಈ ಫ್ರೇಮ್‌ನಲ್ಲಿ ಹಿಂದಿನ ಚಕ್ರ ಸರಾಸರಿ 2.7 ಮಿ.ಮೀ. ಮೇಲೆ ಬರುತ್ತದೆ. 5 ಮಿ.ಮೀ. ಸ್ಟ್ರೋಕ್ ಜಾಸ್ತಿ ಅಂದರೆ ಚಕ್ರ ಇನ್ನೂ ಸುಮಾರು 13.5 ಮಿ.ಮೀ. ಮೇಲಕ್ಕೆ. ಅಷ್ಟು ಜಾಗ ಆ ಫ್ರೇಮ್‌ನಲ್ಲಿ ಇಲ್ಲ. ಸಾಲದ್ದಕ್ಕೆ 2.6 ಇಂಚಿನ ದಪ್ಪ ಟಯರ್ ಬೇರೆ ಹಾಕಿದ್ದರು. ಪ್ರತಿ ಸಲ ಶಾಕ್ ತಳ ಮುಟ್ಟಿದಾಗ ಟಯರ್ ಬಂದು ಟ್ಯೂಬ್‌ಗೆ ಗುದ್ದುತ್ತಿತ್ತು. ಕೆಸರು ಮೆತ್ತಿದ್ದರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ.

ಅಲ್ಯೂಮಿನಿಯಂ ಆಗಿದ್ದರೆ ಗುಳಿ ಬಿದ್ದು ಕಣ್ಣಿಗೆ ಕಾಣುತ್ತಿತ್ತು. ಕಾರ್ಬನ್ ಹಾಗಲ್ಲ. ಎಳೆಗಳ ಉದ್ದಕ್ಕೆ ಬೀಳುವ ಭಾರವನ್ನು ಚೆನ್ನಾಗಿ ತಡೆಯುತ್ತದೆ. ಪಕ್ಕದಿಂದ ಒಂದೇ ಜಾಗಕ್ಕೆ ಬೀಳುವ ಹೊಡೆತ ಅದಕ್ಕೆ ಆಗಿಬರುವುದಿಲ್ಲ. ಮೇಲ್ಮೈ ಸರಿಯಿದ್ದು ಒಳಗಿನ ಪದರಗಳು ಬಿಟ್ಟುಕೊಂಡಿರಬಹುದು. ನಾಣ್ಯದಿಂದ ತಟ್ಟಿ ಸದ್ದು ಕೇಳುವ ಉಪಾಯ ಇದೆ. ಗಟ್ಟಿ ಇದ್ದ ಕಡೆ ಟಿಕ್ ಅನ್ನುತ್ತದೆ, ಪದರ ಬಿಟ್ಟ ಕಡೆ ಮಂದವಾಗಿ ಕೇಳುತ್ತದೆ. ಆದರೆ ಟ್ಯೂಬ್‌ನ ದಪ್ಪ ಕಡೆ ಕಡೆಗೆ ಬದಲಾಗುವುದರಿಂದ ಒಳ್ಳೆಯ ಫ್ರೇಮ್‌ನಲ್ಲೂ ಸದ್ದು ಬದಲಾಗುತ್ತದೆ. ಅನುಮಾನ ಬರಿಸುವುದಕ್ಕೆ ಅದು ಸಾಕು, ತೀರ್ಮಾನಕ್ಕೆ ಸಾಲದು. ಫಿಲ್ಮ್ ಮೇಲೆ ತಟ್ಟಿದರಂತೂ ಏನೂ ತಿಳಿಯುವುದಿಲ್ಲ.

ಫ್ರೇಮ್ ಮಾಡಿದ ಕಂಪನಿಗೆ ಬರೆದೆ. ಮರ್ಯಾದೆಯಿಂದಲೇ ಉತ್ತರ ಬಂತು. ಲೈಫ್‌ಟೈಮ್ ವಾರಂಟಿ ಇರುವುದು ಮೊದಲು ಕೊಂಡವರಿಗೆ ಮಾತ್ರ. ಮೊದಲ ಓನರ್ ಆಗಿದ್ದರೂ, ಹೇಳಿದ ಅಳತೆಯ ಶಾಕ್ ಅಲ್ಲದ ಕಾರಣ ವಾರಂಟಿ ಸಿಗುತ್ತಿರಲಿಲ್ಲವಂತೆ. ಬಿದ್ದು ಮುರಿದ ಫ್ರೇಮ್‌ಗೆ ರಿಯಾಯಿತಿಯಲ್ಲಿ ಹೊಸದು ಕೊಡುವ ಯೋಜನೆ ಇದೆ, ಅದೂ ಮೊದಲ ಓನರ್‌ಗೇ. ಅವರ ಮೇಲೆ ನನಗೆ ಸಿಟ್ಟಿಲ್ಲ, ನಿಯಮ ಮೊದಲೇ ಬರೆದಿದೆ.

ಸಿಟ್ಟು ಬಂದಿದ್ದು ಮಾರಿದವರ ಮೇಲೆ. ಫೋನ್ ಮಾಡಿದರೆ, "ಟ್ರಾವೆಲ್ ಜಾಸ್ತಿ ಆಯ್ತಲ್ಲ ಸರ್, ಅದು ಅಪ್‌ಗ್ರೇಡ್ ಅಲ್ವಾ?" ಅಂದರು. ಫಿಲ್ಮ್ ವಿಷಯ ಎತ್ತಿದ ಕೂಡಲೇ ಮಾತು ಬದಲಾಯಿತು. ಇದ್ದ ಸ್ಥಿತಿಯಲ್ಲೇ ಮಾರಾಟ ಅಂತ ಬಿಲ್‌ನಲ್ಲಿ ಬರೆದಿದ್ದೇವೆ, ನೀವೇ ಓಡಿಸಿ ನೋಡಿ ತೆಗೆದುಕೊಂಡಿದ್ದೀರಿ ಅಂತ ಕೈ ತೊಳೆದುಕೊಂಡರು.

ಹಾಗಂತ ಸ್ಟ್ರೋಕ್ ಹೆಚ್ಚಿಸುವುದೇ ತಪ್ಪು ಅಂತಲ್ಲ. ಕೆಲವು ಕಂಪನಿಗಳು ಒಂದೇ ಫ್ರೇಮ್‌ಗೆ ಎರಡು ಅಳತೆಯ ಶಾಕ್ ಹಾಕಿ ಎರಡು ಮಾಡೆಲ್ ಮಾರುತ್ತವೆ. ಅಲ್ಲಿ ಜಾಗ ಬಿಟ್ಟೇ ಮಾಡಿರುತ್ತಾರೆ. ನಿಮ್ಮ ಫ್ರೇಮ್‌ಗೆ ಯಾವ ಅಳತೆ ಒಪ್ಪುತ್ತದೆ ಅಂತ ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಮುಂದಿನ ಫೋರ್ಕ್‌ನ (ಮುಂದಿನ ಚಕ್ರದ ಸಸ್ಪೆನ್ಷನ್‌ನ) ಟ್ರಾವೆಲ್ ಗರಿಷ್ಠ ಎಷ್ಟಿರಬಹುದು ಅನ್ನುವುದೂ. ಅದನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡೇ ಸೈಕಲ್ ನೋಡಲು ಹೋಗಿ.

ಶಾಕ್ ಮೇಲಿನ ಅಳತೆಯನ್ನು ಮಾತ್ರ ನಂಬಬೇಡಿ. 210 ಉದ್ದದ ಅನೇಕ ಶಾಕ್‌ಗಳು ಒಳಗೆ ಒಂದೇ. ಸ್ಟ್ರೋಕ್ 55. ಒಳಗೆ 2.5 ಮಿ.ಮೀ. ಸ್ಪೇಸರ್ (ಸ್ಟ್ರೋಕ್ ತಡೆಯುವ ತುಂಡು) ಹಾಕಿದರೆ 52.5, ಎರಡು ಹಾಕಿದರೆ 50. ಸ್ಪೇಸರ್ ತೆಗೆದು ಜೋಡಿಸಿದರೆ ಹೊರಗೆ 50 ಅಂತಲೇ ಇರುತ್ತದೆ, ಒಳಗೆ 55 ಓಡುತ್ತದೆ. ಫಾಕ್ಸ್ ಕಂಪನಿಯ ಶಾಕ್ ಮತ್ತು ಫೋರ್ಕ್ ಮೇಲೆ ನಾಲ್ಕು ಅಕ್ಷರದ ಒಂದು ಕೋಡ್ ಇರುತ್ತದೆ, ರಾಕ್‌ಶಾಕ್ಸ್‌ಗೆ ಸೀರಿಯಲ್ ನಂಬರ್. ಆಯಾ ಕಂಪನಿಯ ಸೈಟ್‌ನಲ್ಲಿ ಹಾಕಿದರೆ ಅದು ಯಾವ ಮಾಡೆಲ್ ಅಂತ ಬರುತ್ತದೆ. ಕೆಳದರ್ಜೆಯ ಫೋರ್ಕ್‌ಗೆ ಮೇಲ್ದರ್ಜೆಯ ಸ್ಟಿಕ್ಕರ್ ಅಂಟಿಸಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಖಚಿತವಾಗಿ ತಿಳಿಯಲು ಒತ್ತಿ ಅಳೆಯಬೇಕು. ಗಾಳಿ ಬಿಡುವ ಮೊದಲು ಎಷ್ಟು ಪ್ರೆಶರ್ ಇತ್ತು ಅಂತ ಶಾಕ್ ಪಂಪ್‌ನಲ್ಲಿ ನೋಡಿ ಬರೆದುಕೊಳ್ಳಿ. ಒಂದೇ ಸಲ ಬುಸ್ ಅಂತ ಬಿಡಬೇಡಿ, ಶಾಕ್ ಒಳಕ್ಕೆ ಎಳೆದುಕೊಂಡು ಸಿಕ್ಕಿಕೊಳ್ಳಬಹುದು. ಸೀಟನ್ನು ಸ್ವಲ್ಪ ಸ್ವಲ್ಪ ಒತ್ತುತ್ತಾ ನಿಧಾನವಾಗಿ ಬಿಡಿ. ಪೂರ್ತಿ ಖಾಲಿಯಾದ ಮೇಲೆ ರಬ್ಬರ್ ಓ-ರಿಂಗನ್ನು ಸೀಲ್ ಹತ್ತಿರ ತಳ್ಳಿ, ಸೀಟಿನ ಮೇಲೆ ಭಾರ ಹಾಕಿ ತಳ ಮುಟ್ಟಿಸಿ. ಓ-ರಿಂಗ್ ಎಷ್ಟು ದೂರ ಸರಿಯಿತು ಅನ್ನುವುದೇ ನಿಮ್ಮ ಸ್ಟ್ರೋಕ್, ಹೆಚ್ಚು ಕಡಿಮೆ. ಶಾಕ್ ಒಳಗೆ ಕೊನೆಯಲ್ಲಿ ರಬ್ಬರ್ ಬಂಪರ್ ಇರುವುದರಿಂದ ಕೈ ಭಾರಕ್ಕೆ ಒಂದೆರಡು ಮಿ.ಮೀ. ಉಳಿದುಕೊಳ್ಳಬಹುದು. ಆಗ ಟಯರ್ ಮತ್ತು ಸೀಟ್ ಟ್ಯೂಬ್ ಮಧ್ಯೆ ಬೆರಳು ಹೋಗದಿದ್ದರೆ ಆ ಸೈಕಲ್ ಬೇಡ. ಡ್ರಾಪರ್ ಪೂರ್ತಿ ಇಳಿಸಿಯೂ ನೋಡಿ, ಸಣ್ಣ ಸೈಜಿನ ಫ್ರೇಮ್‌ಗಳಲ್ಲಿ ಟಯರ್ ಸೀಟಿಗೂ ತಾಗಬಹುದು. ಇಷ್ಟೆಲ್ಲ ಮಾಡಲು ಹತ್ತು ನಿಮಿಷ ಸಾಕು. ಮಾರುವವರು ಇದಕ್ಕೆ ಬೇಡ ಅಂದರೆ ವಾಪಸ್ ಬನ್ನಿ.

ಫಿಲ್ಮ್ ಹಾಕಿದ ಫ್ರೇಮ್ ಕಂಡರೆ ಖುಷಿ ಪಡುವ ಮೊದಲು ಬಣ್ಣ ಒಂದೇ ಸಮ ಇದೆಯಾ ನೋಡಿ. ಡೌನ್ ಟ್ಯೂಬ್ (ಮುಂದಿನಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಕೆಳಗಿನ ರಬ್ಬರ್ ಗಾರ್ಡ್ ತೆಗೆಯುವಂತಿದ್ದರೆ ತೆಗೆಸಿ, ಕಲ್ಲು ಹೊಡೆಯುವುದು ಅಲ್ಲಿಯೇ. ಉಳಿದದ್ದು ನಿಮಗೂ ಗೊತ್ತಿರುತ್ತದೆ: ಹಿಂದಿನ ಚಕ್ರ ಅಲುಗಾಡಿಸಿ ಪಿವಟ್ ಬೇರಿಂಗ್ ಸಡಿಲವಿದೆಯಾ ನೋಡುವುದು, ಫೋರ್ಕ್‌ನ ಹೊಳೆಯುವ ಕೊಳವೆಯಲ್ಲಿ ಗೀರು ಹುಡುಕುವುದು. ಸರ್ವಿಸ್ ಬಿಲ್ ಮಾತ್ರ ಕೇಳಲೇಬೇಕು. ರಾಕ್‌ಶಾಕ್ಸ್ ಫೋರ್ಕ್‌ನ ಕೆಳಕಾಲಿನ (ಚಕ್ರ ಹಿಡಿದಿರುವ ಕೆಳಭಾಗದ) ಸರ್ವಿಸ್‌ಗೆ ಪ್ರತಿ 50 ಗಂಟೆ ಓಟ ಹೇಳುತ್ತದೆ, ಫಾಕ್ಸ್ 125 ಗಂಟೆ ಅಥವಾ ವರ್ಷಕ್ಕೊಮ್ಮೆ ಅನ್ನುತ್ತದೆ. ಚೆನ್ನಾಗಿ ಓಡಿಸುವವರಿಗೆ 50 ಗಂಟೆ ಬೇಗ ಮುಗಿಯುತ್ತದೆ.

ನನ್ನ ಫ್ರೇಮ್ ಈಗ ಕಾರ್ಬನ್ ರಿಪೇರಿ ಮಾಡುವವರ ಹತ್ತಿರ ಇದೆ. ಬಿರುಕು ಸೀಟ್ ಟ್ಯೂಬ್‌ನ ಮಧ್ಯದಲ್ಲಿ ಇದ್ದದ್ದೇ ಪುಣ್ಯ. ಪಿವಟ್ ಹತ್ತಿರವೋ ಬಾಟಮ್ ಬ್ರಾಕೆಟ್ ಹತ್ತಿರವೋ ಆಗಿದ್ದರೆ ಮುಟ್ಟುತ್ತಿರಲಿಲ್ಲ ಅಂದರು. ಸುತ್ತಲೂ ಇಳಿಜಾರಾಗಿ ಉಜ್ಜಿ, ಎಳೆಗಳ ದಿಕ್ಕು ನೋಡಿ ಹೊಸ ಪದರ ಹಾಕಿ, ಒತ್ತಡದಲ್ಲಿ ಗಟ್ಟಿ ಮಾಡುತ್ತಾರಂತೆ. ಆಮೇಲೆ ಅಲ್ಟ್ರಾಸೌಂಡ್ ಮಾಡಿಸಿ ವರದಿ ಕೊಡುತ್ತಾರೆ. ಅದು ಸರಿಯಾಗಿ ಬಂದರೆ ಮಾತ್ರ ಮತ್ತೆ ಜೋಡಿಸುವುದು. ಶಾಕ್‌ಗೆ ಮೆಕ್ಯಾನಿಕ್ ಆಗಲೇ ಎರಡು ಸ್ಪೇಸರ್ ಹಾಕಿಕೊಟ್ಟಿದ್ದಾರೆ. ಈ ಫ್ರೇಮನ್ನು ಮುಂದೆ ಯಾವತ್ತಾದರೂ ಮಾರಿದರೆ ರಿಪೇರಿ ಬಿಲ್, ಅಲ್ಟ್ರಾಸೌಂಡ್ ವರದಿ ಎರಡೂ ಜೊತೆಗೇ ಹೋಗುತ್ತವೆ, ಆ ಜಾಗಕ್ಕೆ ಫಿಲ್ಮ್ ಅಂತೂ ಅಂಟಿಸುವುದಿಲ್ಲ.