ಚಳಿಗಾಲದ ಕೊಳವೆ ಫೀಡರ್: ಕೊಳ್ಳುವ ಮುನ್ನ ತಳ ಬಿಚ್ಚಿ ನೋಡಿ

ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆ, ಹಕ್ಕಿಗಳು ಕಾಳು ಹೆಕ್ಕಲು ಆರು ಕಿಂಡಿ, ಕಿಂಡಿಗಳ ಸುತ್ತ ಲೋಹದ ಅಂಚು, ಕಾಲು ಸುತ್ತು ತಿರುಗಿಸಿದರೆ ಬಿಚ್ಚಿ ಬರುವ ತಳ. ಚಳಿಗಾಲಕ್ಕೆ ಹಿತ್ತಲಲ್ಲಿ ಹಕ್ಕಿಗಳಿಗೆ ಕಾಳುಣಿಸುವ ಒಂದೇ ಫೀಡರ್ ತೂಗುಹಾಕುವುದಾದರೆ ಈ ಮಾದರಿಯೇ ಇರಲಿ. ಸುಮಾರು 40 ಸೆಂ.ಮೀ. ಉದ್ದ, 6.5 ಸೆಂ.ಮೀ. ಒಳವ್ಯಾಸದ ಕೊಳವೆಗೆ ಕಪ್ಪು ಸೂರ್ಯಕಾಂತಿ ಬೀಜ ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು ಹಿಡಿಯುತ್ತದೆ. ಚಿಕ್ಕದಾಯಿತು ಅನ್ನಿಸಬಹುದು, ಆದರೆ ಎರಡು ಮೂರು ದಿನಕ್ಕೆ ಖಾಲಿಯಾಗುವ ಫೀಡರ್‌ನಲ್ಲಿ ಕಾಳು ಮುಗ್ಗುವುದಿಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ತಳವನ್ನು. ಅಗ್ಗದ ಫೀಡರ್‌ಗಳಲ್ಲಿ ಅತಿ ಕೆಳಗಿನ ಕಿಂಡಿಯೂ ತಳದಿಂದ ಮೂರ್ನಾಲ್ಕು ಸೆಂ.ಮೀ. ಮೇಲಿರುತ್ತದೆ. ಅದರ ಕೆಳಗೆ ಕೂತ ಕಾಳಿಗೆ ಯಾವ ಕೊಕ್ಕೂ ಎಟುಕುವುದಿಲ್ಲ. ಮಳೆ, ಮಂಜಿನ ನೀರು ಒಳಗಿಳಿದು ಆ ಕಾಳು ಹೆಪ್ಪುಗಟ್ಟಿ ಬೂಷ್ಟು ಹಿಡಿಯುತ್ತದೆ. ಮೇಲಿನಿಂದ ಎಷ್ಟು ಹೊಸ ಕಾಳು ಸುರಿದರೂ ಹಳೆಯದು ಅಲ್ಲೇ ಉಳಿಯುತ್ತದೆ. ಇಂಥ ಬೂಷ್ಟು ಹಕ್ಕಿಗಳ ಶ್ವಾಸಕೋಶಕ್ಕೆ ಹೊಕ್ಕರೆ ಆಸ್ಪರ್ಜಿಲೋಸಿಸ್ ಎಂಬ ಉಸಿರಾಟದ ಕಾಯಿಲೆ ಬರಬಹುದು. ಈ ಮಾದರಿಯ ತಳದಲ್ಲಿ ಕಾಳನ್ನು ಕಿಂಡಿಯತ್ತ ಜಾರಿಸುವ ಶಂಕುವಿದೆ, ನೀರು ಬಸಿಯಲು ತೂತುಗಳಿವೆ. ಸಿಪ್ಪೆಯ ಚೂರು ಕೂತು ತೂತು ಕಟ್ಟಿಕೊಳ್ಳುವುದುಂಟು. ಪ್ರತಿ ಸಲ ಕಾಳು ತುಂಬುವ ಮೊದಲು ಕಡ್ಡಿ ಆಡಿಸಿ ನೋಡಬೇಕು.

ಎರಡು ವಾರಕ್ಕೊಮ್ಮೆ ಎಲ್ಲ ಬಿಚ್ಚಿ ತೊಳೆಯಿರಿ. ಮೊದಲು ಸೋಪು ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಆಮೇಲೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಮುಳುಗಿಸಿಡಿ. ವಾಸನೆ ಹೋಗುವವರೆಗೆ ಜಾಲಿಸಿ, ಪೂರ್ತಿ ಒಣಗಿಸಿ. ಅವಸರ ಮಾಡಿ ಒದ್ದೆ ಕೊಳವೆಗೆ ಕಾಳು ತುಂಬಿದರೆ ಗೋಡೆಗಂಟಿದ ಬೀಜದಿಂದಲೇ ಬೂಷ್ಟು ಶುರು. ಕಣ್ಣು ಊದಿದ, ಅಥವಾ ಗರಿ ಉಬ್ಬಿಸಿಕೊಂಡು ಹತ್ತಿರ ಹೋದರೂ ಹಾರದೆ ಕೂತ ಹಕ್ಕಿ ಕಂಡರೆ ಫೀಡರನ್ನು ಕೆಲವು ವಾರ ಇಳಿಸಿಬಿಡಿ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಂಥ ಸೋಂಕು ಹಬ್ಬುವುದೇ ಹಕ್ಕಿಗಳು ಒಂದೆಡೆ ಗುಂಪುಗೂಡುವುದರಿಂದ.

ಕಾಳಿನ ವಿಷಯಕ್ಕೆ ಬಂದರೆ, ಕಪ್ಪು ಸೂರ್ಯಕಾಂತಿಯೇ ಸಾಕು. ಸಿಪ್ಪೆ ತೆಳು, ಎಣ್ಣೆ ಜಾಸ್ತಿ. ಪುಟ್ಟ ಟಿಟ್ ಹಕ್ಕಿ ಒಂದೇ ಬೀಜ ಕಚ್ಚಿಕೊಂಡು ಕೊಂಬೆಗೆ ಹಾರಿ, ಅದನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು ಕುಕ್ಕಿ ಒಡೆಯುತ್ತದೆ. ಮರದ ಕಾಂಡದ ಮೇಲೆ ಓಡಾಡುವ ನಟ್‌ಹ್ಯಾಚ್ ಹಕ್ಕಿ ತೊಗಟೆಯ ಬಿರುಕಿಗೆ ಸಿಕ್ಕಿಸಿ ಒಡೆಯುತ್ತದೆ, ಕೆಲವನ್ನು ಅಲ್ಲೇ ಬಚ್ಚಿಡುತ್ತದೆ. ದಪ್ಪ ಕೊಕ್ಕಿನ ಫಿಂಚ್ ಹಕ್ಕಿಗಳು ಮಾತ್ರ ಕಿಂಡಿ ಬಿಡದೆ ಕೂತಲ್ಲೇ ಅಗಿಯುತ್ತವೆ. ಈ ವ್ಯತ್ಯಾಸ ನೋಡುವ ಖುಷಿಗೇ ಆರು ಕಿಂಡಿ ಬೇಕು. ನಾಲ್ಕೇ ಇದ್ದರೆ ಫಿಂಚ್‌ಗಳೇ ಎಲ್ಲ ಆಕ್ರಮಿಸುತ್ತವೆ. ಕೆಂಪು ಜೋಳ ತುಂಬಿದ ಮಿಶ್ರಣ ಬೇಡ. ಈ ಹಕ್ಕಿಗಳು ಜೋಳವನ್ನು ಕೆದರಿ ನೆಲಕ್ಕೆ ಬೀಳಿಸುತ್ತವೆ, ಅದಕ್ಕೆ ಇಲಿ ಬರುತ್ತವೆ. ಹುಚ್ಚೆಳ್ಳು ಈ ಕಿಂಡಿಗಳಲ್ಲಿ ನಿಲ್ಲದೆ ಸುರಿದುಹೋಗುತ್ತದೆ, ಅದಕ್ಕೆ ಸೀಳುಕಿಂಡಿಯ ಫೀಡರೇ ಬೇರೆ.

ಲೋಹದ ಅಂಚು ಇರುವುದರಿಂದ ಅಳಿಲು ಕಿಂಡಿ ಕಡಿದು ದೊಡ್ಡದು ಮಾಡಲಾರದು, ಆದರೆ ಜೋತುಬಿದ್ದು ಖಾಲಿ ಮಾಡುವುದನ್ನು ಫೀಡರ್ ತಡೆಯುವುದಿಲ್ಲ. ಅದಕ್ಕೆ ಕಂಬ ಬೇಕು: ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ ಗಂಟೆಯಾಕಾರದ ತಡೆ, ಸುತ್ತ ಮೂರು ಮೀಟರ್‌ನೊಳಗೆ ಮರ, ಬೇಲಿ ಯಾವುದೂ ಇಲ್ಲದಿರಬೇಕು. ಕಿಟಕಿಯಿಂದ ಒಂದೋ ಒಂದು ಮೀಟರ್‌ಗಿಂತ ಹತ್ತಿರ, ಇಲ್ಲವೇ ಹತ್ತು ಮೀಟರ್‌ಗಿಂತ ದೂರ ಇಡಿ. ತೀರ ಹತ್ತಿರವಿದ್ದರೆ ಬೆದರಿ ಹಾರಿದ ಹಕ್ಕಿಗೆ ಗಾಜಿಗೆ ಬಡಿಯುವಷ್ಟರಲ್ಲಿ ವೇಗ ಬಂದಿರುವುದಿಲ್ಲ. ನಡುವಿನ ದೂರವೇ ಅಪಾಯ.

ಕೊರತೆ ಎರಡು. ಮುಚ್ಚಳ ತಂತಿಯ ಮೇಲೆ ಜಾರಿ ತೆರೆಯುವ ಬಗೆಯದು, ಹಿಮ ಕಟ್ಟಿದ ಬೆಳಿಗ್ಗೆ ಅಲುಗುವುದಿಲ್ಲ; ಹಾಗಾಗಿ ಸಂಜೆಯೇ ತುಂಬಿಡಿ. ರಾತ್ರಿಯಿಡೀ ಕೊಬ್ಬು ಕರಗಿಸಿಕೊಂಡ ಪುಟ್ಟ ಹಕ್ಕಿಗಳು ಬೆಳಕು ಹರಿಯುತ್ತಿದ್ದಂತೆ ಬರುತ್ತವೆ, ಆಗ ಕಿಂಡಿ ಖಾಲಿ ಇರಬಾರದು. ಇನ್ನೊಂದು, ಜೊತೆಗೆ ಕೊಡುವ ತಟ್ಟೆ. ಸಿಪ್ಪೆ, ಹಿಕ್ಕೆ, ನೀರು ಮೂರೂ ಅದರಲ್ಲೇ ಸೇರುತ್ತವೆ. ದಿನವೂ ಕೊಡವಿ ಒರೆಸಲು ಆಗುವುದಿಲ್ಲವೆಂದರೆ ಅದನ್ನು ಜೋಡಿಸಲೇಬೇಡಿ.