ಕಡಲೆಗೆ ರೈಜೋಬಿಯಂ ಕೊಳ್ಳುವ ಮುನ್ನ ಪೊಟ್ಟಣದ ಮೇಲೆ ಬೆಳೆಯ ಹೆಸರು ನೋಡಿ

ಅಜ್ಜಂಪುರ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಕಡಲೆ ಬಿತ್ತುವವರು ದಯವಿಟ್ಟು ಓದಿ. ಹಿಂದೆ ಕಡಲೆಯನ್ನೇ ಕಾಣದ ಹೊಲವೊಂದರಲ್ಲಿ, ಬೀಜಕ್ಕೆ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಲೇಪಿಸಿ ಬಿತ್ತಿದ್ದರೂ, ತಿಂಗಳು ತುಂಬುವಷ್ಟರಲ್ಲಿ ಗಿಡ ಬುಡದೆಲೆಯಿಂದ ಹಳದಿಯಾಗುತ್ತಾ ಬಂತು. ಸಾರಜನಕದ ಕೊರತೆ ಹೀಗೇ ಶುರುವಾಗುವುದು. ಸಲಿಕೆಯಿಂದ ಮಣ್ಣು ಸಮೇತ ಗಿಡ ಎತ್ತಿ ಬಕೆಟ್ ನೀರಿನಲ್ಲಿ ಮೆಲ್ಲಗೆ ತೊಳೆದರೆ ಬೇರು ಬೋಳು, ಒಂದು ಗಂಟೂ ಇಲ್ಲ. (ಕೈಯಿಂದ ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ, ಹಾಗೆ ನೋಡಬೇಡಿ.)

ಖಾಲಿ ಪೊಟ್ಟಣದ ಮೇಲೆ ‘ಅಲಸಂದೆ, ಹೆಸರು, ಉದ್ದು’ ಎಂದಿತ್ತು. ಎಲ್ಲ ಬೇಳೆಕಾಳಿಗೂ ಇದೇ ಆಗುತ್ತದೆ ಎಂದು ಹೇಳಿ ಅಂಗಡಿಯವರು ಕೊಟ್ಟಿದ್ದರು. ಆಗುವುದಿಲ್ಲ. ಕಡಲೆಯ ಬೇರಿನಲ್ಲಿ ಗಂಟು ಕಟ್ಟುವುದು ಮೀಸೋರೈಜೋಬಿಯಂ ಎಂಬ ಬೇರೆಯದೇ ಬ್ಯಾಕ್ಟೀರಿಯಾ. ಅಲಸಂದೆ ಗುಂಪಿಗೆ ಗಂಟು ಕಟ್ಟುವ ಬ್ಯಾಕ್ಟೀರಿಯಾ ನಮ್ಮ ಮಣ್ಣುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತವೆ, ಪೊಟ್ಟಣ ಸತ್ತಿದ್ದರೂ ಅಲಸಂದೆಗೆ ಅಷ್ಟಿಷ್ಟು ಗಂಟು ಬರುತ್ತದೆ. ಹೊಸ ಹೊಲದ ಕಡಲೆಗೆ ಆ ಆಸರೆ ಇಲ್ಲ.

ಇನ್ನೊಂದು ತಪ್ಪೂ ನಡೆದಿತ್ತು: ಥೈರಮ್ ಎಂಬ ಶಿಲೀಂಧ್ರನಾಶಕ ಮತ್ತು ರೈಜೋಬಿಯಂ ಎರಡನ್ನೂ ಒಂದೇ ಸಲ ಬೀಜಕ್ಕೆ ಕಲಸಿದ್ದರು. ಸರಿಯಾದ ಪೊಟ್ಟಣವೇ ಆಗಿದ್ದರೂ ಬಹುಪಾಲು ಜೀವಾಣು ಸಾಯುತ್ತಿದ್ದವು. ಶಿಲೀಂಧ್ರನಾಶಕ ಬೇಕೇ ಬೇಕೆಂದರೆ ಅದನ್ನು ಮೊದಲು ಹಚ್ಚಿ ಒಣಗಿಸಿ, ರೈಜೋಬಿಯಂ ಕೊನೆಗೆ, ಪ್ರಮಾಣ ಎರಡು ಪಟ್ಟು.

10 ಕಿಲೋ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಪುಡಿ ಲೆಕ್ಕ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಬಿಸಿ ಪಾಕ ತಾಗಿದರೆ ಜೀವಾಣು ಕಥೆ ಅಲ್ಲಿಗೇ ಮುಗಿಯಿತು. ಬೀಜ ಒದ್ದೆಯಾಗುವಷ್ಟೇ ಪಾಕ ಚಿಮುಕಿಸಿ, ಪುಡಿ ಉದುರಿಸಿ, ಸಿಪ್ಪೆ ಸುಲಿಯದಂತೆ ಹೊರಳಿಸಿ, ನೆರಳಲ್ಲಿ ಅರ್ಧ ಗಂಟೆ ಆರಿಸಿ ಅಂದೇ ಬಿತ್ತಿ. ಯೂರಿಯಾ, ಡಿಎಪಿ ಜೊತೆ ಬೀಜ ಬೆರೆಸಬೇಡಿ.

ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ರೈಜೋಬಿಯಂನಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ಸತ್ತದ್ದಕ್ಕೂ ಬದುಕಿದ್ದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ಹಾಗಾಗಿ ಅವಧಿ ಮುಗಿಯುವ ದಿನಾಂಕ ನೋಡಿ, ತಗಡಿನ ಮಾಡಿನ ಕೆಳಗೆ ಬಿಸಿಲಿಗೆ ಕಾದ ಪೊಟ್ಟಣ ಬೇಡವೆನ್ನಿ, ಬಿಲ್ ಕೇಳಿ ಪಡೆಯಿರಿ.

ಬಿತ್ತಿದ 30–35 ದಿನಕ್ಕೆ ನಾಲ್ಕೈದು ಕಡೆ ಗಿಡ ಎತ್ತಿ ಗಂಟನ್ನು ಉಗುರಲ್ಲಿ ಸೀಳಿ. ಒಳಗೆ ನಸುಗೆಂಪು ಇರಬೇಕು. ಅದು ಲೆಗ್‌ಹಿಮೋಗ್ಲೋಬಿನ್, ಸಾರಜನಕ ಹಿಡಿಯುವ ಕಿಣ್ವವನ್ನು ಆಮ್ಲಜನಕ ಕೆಡಿಸದಂತೆ ಕಾಯುತ್ತದೆ. ಬಿಳಿ, ಹಸಿರು ಗಂಟಿದ್ದರೆ ಕೆಲಸ ನಡೆಯುತ್ತಿಲ್ಲ. ಗಂಟೇ ಇಲ್ಲದಿದ್ದರೆ ಆ ಬೆಳೆಗೆ ಮತ್ತೆ ಪೊಟ್ಟಣ ತಂದು ಸುರಿಯಬೇಡಿ. ಲೀಟರಿಗೆ 20 ಗ್ರಾಂ ಯೂರಿಯಾ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ.